ಅನಸೂಯಾ ಮೇಡಂಗೆ ಫೋನ್ ಮಾಡಿ

೧೧ ಫೆಬ್ರವರಿ ೨೦೧೩, ಸೋಮವಾರ

ಇವತ್ತು ಖಾಂದೇಶ್ವರದಲ್ಲಿ ಎಚ್ಚರವಾಯಿತು. ಇಳಿಯಬೇಕಾಗಿದ್ದದ್ದು ಆಫೀಸಿರುವ ಸಾನಪಾಡಾದಲ್ಲಿ. ಮುಂಬೈ ಪಕ್ಕದ ಠಾಣೆ ಊರಿನಲ್ಲಿ ವಾಶಿಯ ಲೋಕಲ್ ರೈಲೆಂದು ಪನವೇಲ್ ಗಾಡಿ ಹತ್ತಿದ್ದೆ. ಕಿಟಕಿ ಸೀಟು ಸಿಕ್ಕಿದ ಖುಷಿಯಲ್ಲಿ ಬೋರ್ಡು ಯಾರು ನೋಡುತ್ತಾರೆ? ಐರೋಲಿ ಬರುವುದರೊಳಗೆ ನಿದ್ದೆ. ಕನಸಿನಲ್ಲಿ ಉದ್ದನೆಯ ಓಣಿ, ಎರಡೂ ಕಡೆ ಬಾಗಿಲುಗಳು, ಪ್ರತಿ ಬಾಗಿಲ ಹಿಂದಿನಿಂದ "ಮೇಡಂ, ಮೇಡಂ" ಎಂಬ ಕೂಗು. ನನ್ನ ಸೊಂಟದಲ್ಲಿ ಕೀಲಿಗೊಂಚಲು. ಯಾವ ಕೀಲಿ ಯಾವ ಬಾಗಿಲಿನದೆಂದು ನನಗೊಬ್ಬಳಿಗೇ ಗೊತ್ತು, ಆದರೆ ಕಾಲು ಏಳುತ್ತಿಲ್ಲ. ಹೆದರಿಕೆಯೇನೂ ಆಗಲಿಲ್ಲ. ಓಣಿಯ ನಡುವೆ ಕಾಲು ಚಾಚಿ ಕೂತುಬಿಟ್ಟೆ. ನೆಲ ತಣ್ಣಗಿತ್ತು.

ಎಬ್ಬಿಸಿದ್ದು ಫೋನು. ರೈಲು ಡಬ್ಬಿಯಲ್ಲಿ ನಾನೊಬ್ಬಳೇ ಉಳಿದಿದ್ದೆ.

"ಮೇಡಂ, ನಾನು ಉಮಾವತಿ, ನೌಪಾಡಾದಿಂದ. ಪೇಪರ್ ಹೋಗ್ತಾ ಇಲ್ಲ ಮಾರಾಯ್ರೆ. ಒತ್ತಿದ್ರೆ ಎಂತದೂ ಆಗುದಿಲ್ಲ. ಇವತ್ತೇ ಲಾಸ್ಟ್ ಅಂತೆ."

ಈಕೆಯ ಗಂಡನಿಗೆ ನೌಪಾಡಾದಲ್ಲಿ ಹೋಟೆಲು. ಗಲ್ಲಾದಲ್ಲಿ ಕೂತು, ತಿಂಡಿಯ ಗಲಾಟೆ ಮುಗಿದು ಊಟದವರು ಬರುವ ಮೊದಲಿನ ಸಂದಿಯಲ್ಲಿ ಬಿ.ಎ. ಓದುವ ಹೆಂಗಸು. "ಇತಿಹಾಸಕ್ಕೆ ಹಸಿರು ಗುಂಡಿ ಒತ್ತಬಾರದು ಉಮಾವತಿ, ಅದು ಅರ್ಥಶಾಸ್ತ್ರದ್ದು. ಕೆಳಗೆ ನೀಲಿ ಇದೆ ನೋಡಿ" ಎಂದೆ. "ಹೋಯ್ತು! ನೀವಿಲ್ಲದಿದ್ರೆ ನಮ್ಮ ಗತಿ ಎಂತ ಮೇಡಂ?" ಎಂದು ಆಕೆ ಫೋನಿಟ್ಟಳು. ಖಾಂದೇಶ್ವರದ ಅಷ್ಟು ದೊಡ್ಡ ಖಾಲಿ ನಿಲ್ದಾಣದಲ್ಲಿ ಆ ಮಾತನ್ನು ಮೆಲುಕು ಹಾಕುತ್ತಾ ವಾಪಸು ಗಾಡಿಗೆ ಕಾದೆ.

೧೨ ಫೆಬ್ರವರಿ, ಮಂಗಳವಾರ

ಠಾಣೆಯ ಡಾಕ್ಟರಮ್ಮ ಇವತ್ತು ನಗಲಿಲ್ಲ. ಗರ್ಭಕೋಶದ ಗಡ್ಡೆ ದೊಡ್ಡದಾಗಿದೆಯಂತೆ, ರಕ್ತ ಸೋರಿ ಸೋರಿ ಮೈಯಲ್ಲಿ ಏನೂ ಉಳಿದಿಲ್ಲವಂತೆ. ಕೂತಲ್ಲಿ ನಿದ್ದೆ ಬರುವುದು ಅದಕ್ಕೇ. ಮೊದಲು ಮಾತ್ರೆ ತಿಂದು ರಕ್ತ ಮಾಡಿಕೊಳ್ಳಬೇಕು, ಮೇ ತಿಂಗಳ ನಡುವೆ ಗರ್ಭಕೋಶ ತೆಗೆಸಲೇಬೇಕು. ಈಗಾಗಲೇ ಮುಂದೂಡಿ ಮುಂದೂಡಿ ಇಲ್ಲಿಗೆ ತಂದಿದ್ದೀರಿ ಎಂದು ಬೈದರು.

ಮೇ ಎಂದರೆ ವಿದ್ಯಾರ್ಥಿಗಳು ವರ್ಷದ ಕೊನೆಯ ಪೇಪರು ಕಳಿಸುವ ಕಾಲ, ಸಾಧ್ಯವೇ ಇಲ್ಲ ಎಂದೆ. "ನೀವು ಮಾಡೋದಾದರೂ ಏನು?" ಎಂದರು. ವಿಶ್ವವಿದ್ಯಾಲಯದ ದೂರಶಿಕ್ಷಣ ಕೇಂದ್ರಕ್ಕೊಂದು ಆನ್‌ಲೈನ್ ಪೋರ್ಟಲ್ ಇದೆ, ಕಲ್ಯಾಣದಿಂದ ಕಳಂಬೋಲಿಯವರೆಗೆ ಕೆಲಸ ಮಾಡಿಕೊಂಡೇ ಓದುವ ಜನ ಅದರಲ್ಲಿ ಪಾಠ ಓದುತ್ತಾರೆ, ಪೇಪರು ಕಳಿಸುತ್ತಾರೆ, ಅಂಕ ನೋಡುತ್ತಾರೆ, ಅದನ್ನು ಕಟ್ಟಿದವಳೂ ಕಾಯುವವಳೂ ನಾನೇ ಎಂದು ವಿವರಿಸಿದೆ.

"ನೀವಿಲ್ಲದಾಗ ಯಾರು ನೋಡ್ತಾರೆ?"

"ಯಾರೂ ಇಲ್ಲ."

ಹೇಳುವಾಗ ಬೆನ್ನು ತಾನಾಗಿ ನೆಟ್ಟಗಾಯಿತು. ಡಾಕ್ಟರಮ್ಮ ಮಾತ್ರ ಚೀಟಿಯಲ್ಲಿ ಕಬ್ಬಿಣದ ಮಾತ್ರೆ ಬರೆಯುತ್ತಿದ್ದರು.

೨೦ ಫೆಬ್ರವರಿ, ಬುಧವಾರ

ಡೈರೆಕ್ಟರ್ ಕರೆದರು. ರಜೆ ಕೊಡುತ್ತಾರೆ. ಆದರೆ ನಮ್ಮ ಪೋರ್ಟಲಿನ ಸಾಫ್ಟ್‌ವೇರು ಎಷ್ಟೋ ವರ್ಷದ ಹಳೆಯದು, ಅದನ್ನು ಬರೆದವರೇ ಇನ್ನು ಅದಕ್ಕೆ ರಿಪೇರಿ ಇಲ್ಲವೆಂದು ಕೈತೊಳೆದುಕೊಂಡಿದ್ದಾರೆ, ಹೊಸ ಆವೃತ್ತಿ ಹಾಕಿ, ನೀವಿಲ್ಲದೆಯೂ ನಡೆಯುವ ಹಾಗೆ ಮಾಡಿ ಹೋಗಿ ಎಂದರು. ಮೇ ತಿಂಗಳಲ್ಲಿ ಪೋರ್ಟಲ್ ಕೈಕೊಟ್ಟರೆ ಜುಲೈಯಿಂದ ಹೊರಗಿನ ಕಂಪನಿಗೆ ಒಪ್ಪಿಸುತ್ತಾರಂತೆ. ಕಂಪನಿ ಒಬ್ಬೊಬ್ಬ ವಿದ್ಯಾರ್ಥಿಯಿಂದಲೂ ಶುಲ್ಕ ವಸೂಲು ಮಾಡುತ್ತದೆ. ಗಲ್ಲಾದಲ್ಲಿ ಕೂತವರು, ಗೋದಾಮಿನಲ್ಲಿ ನಿಂತವರು ಅಲ್ಲಿಗೆ ಓದು ಬಿಡುತ್ತಾರೆ. ಡೈರೆಕ್ಟರಿಗೂ ಅದು ಗೊತ್ತು.

ಹೊಸ ಆವೃತ್ತಿ ನಾನೇಕೆ ಹಾಕಿರಲಿಲ್ಲ? ಇಲ್ಲಿ ಯಾರೂ ಓದುವುದಿಲ್ಲವಲ್ಲ, ಬರೆಯುತ್ತೇನೆ. ನಾವಿರುವ ಡೊಂಬಿವಲಿಯಲ್ಲಿ ಎಲ್ಲರೂ ಫ್ಲ್ಯಾಟಿನ ಬಾಲ್ಕನಿ ಮುಚ್ಚಿ ರೂಮು ಮಾಡಿಕೊಳ್ಳುತ್ತಾರೆ. ನಾನು ಪೋರ್ಟಲಿನಲ್ಲಿ ಮಾಡಿದ್ದೂ ಅದೇ. ಒಬ್ಬ ಪ್ರೊಫೆಸರಿಗೆ ಹಸಿರು ಗುಂಡಿ ಬೇಕು, ಇನ್ನೊಬ್ಬರಿಗೆ ನೀಲಿ, ಭುಜಂಗ ಸರ್‌ಗೆ ನಪಾಸಾದವರ ಅಂಕದ ಕೆಳಗೆ ಹಳೇ ರಿಜಿಸ್ಟರಿನಲ್ಲಿದ್ದಂತೆ ಕೆಂಪು ಗೆರೆ ಬೇಕು. "ನಿಮ್ಮಿಂದ ಮಾತ್ರ ಆಗೋದು ಮೇಡಂ" ಎಂದರೆ ಸಾಕು, ಮೂಲದ ಗೋಡೆಯನ್ನೇ ಕೊರೆದು ಮಾಡಿಕೊಟ್ಟೆ. ಈಗ ಹೊಸದು ಹಾಕಿದರೆ ನಾನು ಕೊರೆದದ್ದೆಲ್ಲ ಅಳಿಸಿ ಹೋಗುತ್ತದೆ, ಹಾಕದಿದ್ದರೆ ಕಟ್ಟಡವೇ ಕುಸಿಯುತ್ತದೆ. ಅತ್ತ ದರಿ, ಇತ್ತ ಪುಲಿ.

ನಾಲ್ಕು ಗಂಟೆಗೆ ಭೂತದಂತೆ ನಿದ್ದೆ ಬಂತು. ಕೀಬೋರ್ಡಿನ ಮೇಲೆ ತಲೆಯಿಟ್ಟೆ. ಎದ್ದಾಗ ಪರದೆಯ ತುಂಬ ಒಂದೇ ಅಕ್ಷರ ಸಾಲುಗಟ್ಟಿ ನಡೆಯುತ್ತಿತ್ತು.

೨ ಮಾರ್ಚ್, ಶನಿವಾರ

ಪೋರ್ಟಲಿನ ಒಂದು ನಕಲು ಮಾಡಿ, ಬೇರೆ ಕಂಪ್ಯೂಟರಿನಲ್ಲಿಟ್ಟು, ಅದಕ್ಕೆ ಹೊಸ ಆವೃತ್ತಿ ಹಾಕಿ ನೋಡಿದೆ. ಜೊತೆಗೆ ಸೌಜನ್ಯ ಇದ್ದಳು. ಇತಿಹಾಸ ವಿಭಾಗದವಳು, ಹುಟ್ಟಿ ಬೆಳೆದದ್ದು ಠಾಣೆ, ಮನೆಯಲ್ಲಿ ತುಳು, ನನ್ನ ಹತ್ತಿರ ಕನ್ನಡ, ತಲೆ ಕೆಟ್ಟರೆ ಹಿಂದಿ. ಡೈರೆಕ್ಟರ್ ಅವಳನ್ನು ನನ್ನ ಸಹಾಯಕ್ಕೆ ಕೊಟ್ಟಿದ್ದಾರೆ. ಕಂಪ್ಯೂಟರ್ ಓದಿದವಳಲ್ಲ. ಇವಳಿಂದ ಏನಾದೀತೆಂದು ನನ್ನ ಹಣೆಬರಹಕ್ಕೆ ಬೈದುಕೊಂಡಿದ್ದೆ.

ಒಂದೊಂದೇ ಪುಟ ತೆರೆದೆವು. ಗುಂಡಿಗಳು ಮಾಯ. ಅಂಕಪಟ್ಟಿ ಅರ್ಧಕ್ಕೆ ನಿಂತಿತ್ತು. ಅರ್ಥಶಾಸ್ತ್ರದ ಜಾಗದಲ್ಲಿ ಬರೀ ಬಿಳಿ. ಸೌಜನ್ಯ ಮೆಲ್ಲಗೆ, "ಮೇಡಂ, ಸಬ್ ಗಯಾ" ಎಂದಳು.

ಎಲ್ಲವೂ ಹೋಗಿರಲಿಲ್ಲ. ಮೂಲೆಯಲ್ಲಿದ್ದ ಒಂದು ಕೋರ್ಸು ಕೂದಲೂ ಕೊಂಕದೆ ಬಂದಿತ್ತು: "ಮೋಡಗಳ ಪರಿಚಯ." ಕಲ್ಯಾಣದ ಸತ್ಯಭಾಮಾ ಮೇಡಂ, ಭೂಗೋಳದವರು, ನಿವೃತ್ತರಾಗುವ ಮುನ್ನ ಹಾಕಿ ಹೋದದ್ದು. ಅಂಕವಿಲ್ಲ, ಕಡ್ಡಾಯವಲ್ಲ, ಒಬ್ಬ ವಿದ್ಯಾರ್ಥಿಯೂ ಸೇರಿಲ್ಲ. ಅವರು ನನ್ನಿಂದ ಏನೂ ವಿಶೇಷ ಕೇಳಿರಲಿಲ್ಲ, ಸಾಫ್ಟ್‌ವೇರಿನಲ್ಲಿ ಇದ್ದದ್ದನ್ನೇ ಬಳಸಿದ್ದರು.

"ಹಾಗಾದ್ರೆ ಎಲ್ಲವನ್ನೂ ಇದರ ಹಾಗೆ ಮಾಡಿದ್ರೆ ಆಯ್ತಲ್ಲ ಮೇಡಂ?" ಎಂದಳು ಸೌಜನ್ಯ.

ಆಯ್ತಲ್ಲ ಅಂತೆ! ನನ್ನ ಎಷ್ಟು ವರ್ಷದ ಕೆಲಸ ಎಂಬುದು ಇವಳಿಗೇನು ಗೊತ್ತು? ಸಿಟ್ಟಿನಿಂದ ಚಹಾ ಕುಡಿಯಲು ಎದ್ದು ಹೋದೆ. ಎರಡು ಗುಟುಕಿನಲ್ಲೇ ಅವಳು ಹೇಳಿದ್ದು ಸರಿಯೆಂದು ಗೊತ್ತಾಯಿತು. ಸಿಟ್ಟು ಇನ್ನೂ ಹೆಚ್ಚಾಯಿತು.

೩ ಮಾರ್ಚ್, ಭಾನುವಾರ

ಏನೂ ಬರೆಯುವ ಮನಸ್ಸಿಲ್ಲ. ಮಾಡಿದ್ದುಣ್ಣೋ ಮಹರಾಯ.

೧೫ ಮಾರ್ಚ್, ಶುಕ್ರವಾರ

ಗುಂಡಿಗಳೆಲ್ಲ ಹೋಗುತ್ತವೆ, ಇನ್ನು ಎಲ್ಲ ವಿಷಯಕ್ಕೂ ಒಂದೇ ಗುಂಡಿ ಎಂದು ಮೇಷ್ಟರುಗಳಿಗೆ ತಿಳಿಸಿ ಆಯಿತು. ಹೆಚ್ಚಿನವರು ಗೊಣಗಿ ಸುಮ್ಮನಾದರು. ಭುಜಂಗ ಸರ್ ಮಾತ್ರ ನನ್ನ ಮೇಜಿನ ಮುಂದೆ ಕುರ್ಚಿ ಎಳೆದು ಕೂತರು. ವಾಣಿಜ್ಯ ವಿಭಾಗದ ಹಿರಿಯರು, ಉಡುಪಿಯವರು, ಲೆಕ್ಕಪತ್ರ ಕಲಿಸುವುದರಲ್ಲಿ ಎತ್ತಿದ ಕೈ.

"ಕೆಂಪು ಗೆರೆ ಇಲ್ಲದಿದ್ರೆ ಪಾಸೆಷ್ಟು ಫೇಲೆಷ್ಟು ಅಂತ ಕಣ್ಣಿಗೆ ಹೇಗೆ ಕಾಣುದು? ನಮ್ಮ ಅಪ್ಪಯ್ಯನ ಕಾಲದಿಂದ ಉಂಟು ಆ ಗೆರೆ. ಎಂತ ಮೇಡಂ, ಒಂದು ಗೆರೆ ಎಳೀಲಿಕ್ಕೆ ನಿಮಗೆ ಎಷ್ಟು ಹೊತ್ತು? ನಿಮ್ಮಿಂದ ಮಾತ್ರ ಆಗುದು."

ಆ ಕೊನೆಯ ಮಾತು ಕೇಳಿದ ಕೂಡಲೇ ನನ್ನ ಕೈ ಮೌಸಿನ ಕಡೆ ಹೋಯಿತು. ಆಮೇಲೆ ನಿಂತಿತು. "ಎಳೆಯಬಹುದು ಸರ್. ಆದರೆ ಮುಂದಿನ ವರ್ಷ ಅದು ಅಳಿಸಿ ಹೋದಾಗ ಮತ್ತೆ ಎಳೆಯುವುದಕ್ಕೆ ನಾನಿಲ್ಲದಿದ್ದರೆ?" ಎಂದೆ.

"ನೀವು ಎಲ್ಲಿ ಹೋಗ್ತೀರಿ?"

"ಹೊಟ್ಟೆ ಕುಯ್ಸಿಕೊಳ್ಳೋದಕ್ಕೆ."

ಭುಜಂಗ ಸರ್ ಕುರ್ಚಿ ಹಿಂದೆ ಸರಿಸಿ ಎದ್ದರು. ಬಾಗಿಲವರೆಗೆ ಹೋಗಿ ತಿರುಗಿ, "ಪ್ರಿಂಟ್ ತೆಗ್ದು ನಾನೇ ಪೆನ್ನಲ್ಲಿ ಎಳೀತೇನೆ" ಎಂದು ಕೋಪದಿಂದ ಹೇಳಿ ಹೋದರು. ಯಾರಿಗೂ ಇಲ್ಲ ಎಂದು ಹೇಳಿ ಅಭ್ಯಾಸವಿಲ್ಲ ನನಗೆ. ಎದೆ ಡವಡವ ಎನ್ನುತ್ತಿತ್ತು. ರಕ್ತ ಕಡಿಮೆಯಾಗಿರುವುದಕ್ಕೇ ಇರಬೇಕು.

೨೮ ಮಾರ್ಚ್, ಗುರುವಾರ

ಯಾರೂ ಬಳಸದ ಕೋರ್ಸುಗಳನ್ನು ತೆಗೆಯುತ್ತಿದ್ದೇವೆ. ಹೊರೆ ಕಡಿಮೆಯಾದಷ್ಟು ಕಾಯುವುದು ಸುಲಭ. ತೆಗೆಯುವ ಮುಂಚೆ ಆಯಾ ಮೇಷ್ಟರಿಗೆ ಒಂದು ಸಂದೇಶ ಹೋಗುತ್ತದೆ. ಇವತ್ತು ಲೋಕಲ್‌ನಲ್ಲಿ ಮುಂಬ್ರಾ ದಾಟುವಾಗ ಫೋನು ಬಂತು. ಸತ್ಯಭಾಮಾ ಮೇಡಂ. ಅವರ ಧ್ವನಿ ಕೇಳಿ ಎಷ್ಟು ಕಾಲವಾಗಿತ್ತು! ಧಾರವಾಡ ಬಿಟ್ಟು ಕಲ್ಯಾಣಕ್ಕೆ ಬಂದು ಜೀವಮಾನ ಕಳೆದರೂ ಮಾತು ಅಲ್ಲಿಯದೇ.

"ಅನಸೂಯಾ, ನನ್ನ ಮೋಡ ತೆಗೀಲಿಕ್ಕಹತ್ತೀಯಂತ?"

"ಯಾರೂ ಸೇರಿಲ್ಲವಲ್ಲ ಮೇಡಂ."

"ಇಲ್ಲ ಖರೆ. ನಾ ದಿನಾ ಮುಂಜಾನೆ ತಗದು ನೋಡ್ತೀನಿ, ಯಾರರೆ ಬಂದಾರೇನು ಅಂತ. ಒಂದ್ ಮೂಲ್ಯಾಗ ಬಿದ್ದಿರಲಿ ಬಿಡವಾ. ಯಾರಿಗೂ ತ್ರಾಸ ಕೊಡೂದಿಲ್ಲ ಅದು."

ದಿನಾ ನೋಡುತ್ತಾರಂತೆ. ಹೊರಗೆ ಪಾರಸಿಕ್ ಗುಡ್ಡ ಒಣಗಿ ಕಂದಾಗಿ ನಿಂತಿತ್ತು, ಮೇಲೆ ಒಂದೇ ಒಂದು ಪುಟ್ಟ ಮೋಡ ಎಲ್ಲಿಗೂ ಹೋಗದೆ ಕೂತಿತ್ತು. ಸುರಂಗದ ಕತ್ತಲೆ ಬಂದು ಅದನ್ನು ನುಂಗಿತು. ತ್ರಾಸ ಕೊಡದ ವಸ್ತು ಈ ಪೋರ್ಟಲಿನಲ್ಲಿ ಅದೊಂದೇ ಎಂಬುದಂತೂ ನಿಜ, ಹಾಗಾಗಿ ಇರಲಿ ಎಂದೆ.

೧೧ ಏಪ್ರಿಲ್, ಗುರುವಾರ, ಯುಗಾದಿ

ಬೇವು ಬೆಲ್ಲ ಬಾಯಿಗೆ ಹಾಕುತ್ತಿದ್ದಂತೆ ಫೋನು. ಪಾಸ್‌ವರ್ಡ್ ಮರೆತವರು. ಅದಾದ ಮೇಲೆ ಉಮಾವತಿ. ಅದಾದ ಮೇಲೆ ಮತ್ತೆ ಉಮಾವತಿ. ಹೋಳಿಗೆಗೆ ಕಣಕ ಕಲೆಸಿದ ಕೈಯಲ್ಲೇ ಫೋನು ಹಿಡಿದು ಉತ್ತರ ಕೊಟ್ಟೆ. ಯಜಮಾನರು, ಅಂದರೆ ವಸಂತಕುಮಾರ ಎಂಬ ವಿಮಾ ಕಚೇರಿಯ ನೌಕರರು, ಸೋಫಾದಲ್ಲಿ ಪೇಪರು ಹಿಡಿದು ಕೂತಿದ್ದರು.

"ಅಜ್ಜಿ ಕೋಳಿ ಕೂಗದಿದ್ರೆ ಊರಿಗೇ ಬೆಳಗಾಗಲ್ವಂತೆ" ಎಂದರು ಪೇಪರಿನ ಹಿಂದಿನಿಂದ.

"ಯಾರನ್ನ ಅಂತಿರೋದು?"

"ಕೋಳೀನ ಕಣೇ."

ನನಗೆ ಉರಿದುಹೋಯಿತು. ಹಾಗಾದರೆ ಹೋಳಿಗೆ ನೀವೇ ಮಾಡಿ ಎಂದು ಲಟ್ಟಣಿಗೆ ಕೈಗಿಟ್ಟು ಒಳಗೆ ಹೋಗಿ ಮಲಗಿದೆ. ಹಬ್ಬದ ದಿನ ಹೀಗೆ ಮಲಗಿದ್ದು ಮದುವೆಯಾದ ಮೇಲೆ ಇದೇ ಮೊದಲು. ಅಪ್ಪ, ಮಗಳು ಅಡಿಗೆಮನೆಯಲ್ಲಿ ಪಿಸುಗುಟ್ಟುವುದು ಕೇಳುತ್ತಿತ್ತು. ಇಂಚರ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮರಾಠಿಯಲ್ಲೇ ಉತ್ತರ ಕೊಡುವವಳು. ನಿದ್ದೆ ಹತ್ತುವಾಗ ಆ ಎರಡು ಭಾಷೆಗಳೂ ದೂರದ ಹಕ್ಕಿಗಳ ಹಾಗೆ ಕೇಳಿಸಿದವು. ಹೋಳಿಗೆ ಭಾರತದ ನಕಾಶೆಯ ಹಾಗಿತ್ತು, ರುಚಿ ಚೆನ್ನಾಗಿತ್ತು. ಅವರಿಗೆ ಹೇಳಲಿಲ್ಲ.

ಸಂಜೆ ನಮ್ಮ ಫ್ಲ್ಯಾಟುಗಳ ಸೊಸೈಟಿಯ ನೋಟೀಸು. ಮಳೆಗಾಲಕ್ಕೆ ಮುನ್ನ ಕಟ್ಟಡದ ರಿಪೇರಿ. ಮುಚ್ಚಿದ ಬಾಲ್ಕನಿಗಳನ್ನೆಲ್ಲ ಬಿಚ್ಚಬೇಕಂತೆ, ಭಾರ ತಡೆಯುತ್ತಿಲ್ಲವಂತೆ. ಇವರಿಗೂ ಈಗಲೇ ಬುದ್ಧಿ ಬರಬೇಕೆ!

೨೨ ಏಪ್ರಿಲ್, ಸೋಮವಾರ

ಇವತ್ತು ದೊಡ್ಡ ನಾಟಕ. ಏನು ತೊಂದರೆ ಬಂದರೆ ಏನು ಮಾಡಬೇಕೆಂದು ಚಿಕ್ಕ ಚಿಕ್ಕ ಪುಟಗಳನ್ನು ಬರೆದು ಪೋರ್ಟಲಿನಲ್ಲೇ ಇಟ್ಟಿದ್ದೇನೆ, ಮರಾಠಿಯಲ್ಲೂ ಇಂಗ್ಲಿಷಿನಲ್ಲೂ. ಅದು ಬೇರೆಯವರಿಗೆ ಅರ್ಥವಾಗುತ್ತದೋ ಇಲ್ಲವೋ ನೋಡಬೇಕಲ್ಲ. ಅದಕ್ಕೆ ಸೌಜನ್ಯ ಒಂದು ಪದ್ಧತಿ ಮಾಡಿದಳು. ಕಂಪ್ಯೂಟರಿಗೆ ಎಲ್ಲರಿಗಿಂತ ಹೆದರುವವರನ್ನು ಕರೆದು ಕೂರಿಸುವುದು, ಅವರು ಪುಟ ಓದಿಕೊಂಡು ಕೆಲಸ ಮಾಡುವುದು, ಬರೆದವಳು ಪಕ್ಕದಲ್ಲಿ ತುಟಿ ಪಿಟಕ್ಕೆನ್ನದೆ ಕೂರುವುದು. ಹೆದರುವವರು ಎಂದರೆ ಇನ್ನಾರು, ಭುಜಂಗ ಸರ್.

ಅವರು ಒಂದು ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕುತ್ತಿದ್ದರು. ತಪ್ಪು ಕಡೆ ಹೋಗುತ್ತಿದ್ದರು. ನನ್ನ ಕೈ ಮೌಸಿನ ಕಡೆ ಹೋಯಿತು. ಸೌಜನ್ಯ ಅದನ್ನು ಹಿಡಿದು ಚಹಾದ ಲೋಟ ಕೊಟ್ಟಳು. ಮತ್ತೆ ಹೋಯಿತು. ಇನ್ನೊಂದು ಕೈಗೂ ಒಂದು ಲೋಟ ಬಂತು. ಎರಡೂ ಕೈಯಲ್ಲಿ ಬಿಸಿ ಚಹಾ ಹಿಡಿದುಕೊಂಡು, ಕುಡಿಯಲೂ ಆಗದೆ ಇಡಲೂ ಆಗದೆ, ಒಬ್ಬ ಮನುಷ್ಯ 'ಮುಂದೆ' ಎಂಬ ಗುಂಡಿಯನ್ನು ಕಂಡೂ ಕಾಣದಿರುವುದನ್ನು ನೋಡುತ್ತಾ ಕೂತೆ.

"ಇಲ್ಲಿ 'ಮೊದಲಿನಂತೆ ಮಾಡಿ' ಅಂತ ಬರ್ದಿದ್ದೀರಿ. ಮೊದಲು ಎಂತ ಮಾಡಿದ್ದು ಅಂತ ನನಗೆ ಹೇಗೆ ಗೊತ್ತಾಗುದು ಮೇಡಂ?" ಎಂದರು ಸರ್.

ನಿಜ. ನನಗೆ ಗೊತ್ತಿರುವುದು ಲೋಕಕ್ಕೆಲ್ಲ ಗೊತ್ತು ಎಂದುಕೊಂಡು ಬರೆದಿದ್ದೆ. ಅಂಥ ಸಾಲುಗಳನ್ನೆಲ್ಲ ತಿದ್ದಿದೆವು. ಕೊನೆಗೆ ಸರ್ ಒಬ್ಬ ವಿದ್ಯಾರ್ಥಿಯ ಪಾಸ್‌ವರ್ಡನ್ನು ತಾವೇ ಬದಲಿಸಿ, ಮದುವೆ ಮನೆಯಲ್ಲಿ ಧಾರೆ ಎರೆದವರ ಹಾಗೆ ಗಂಭೀರವಾಗಿ ಎದ್ದು ನಿಂತರು. ಚಹಾ ಆರಿತ್ತು. ಎರಡೂ ಲೋಟ ಕುಡಿದೆ.

೪ ಮೇ, ಶನಿವಾರ

ಹೊಸ ಆವೃತ್ತಿ ಅಸಲಿ ಪೋರ್ಟಲಿಗೇ ಬಿತ್ತು. ಬೆಳಿಗ್ಗೆ ಶುರು ಮಾಡಿದೆವು, ಊಟದ ಡಬ್ಬಿ ತೆರೆಯುವ ಹೊತ್ತಿಗೆ ಮುಗಿಯಿತು. ಏನೂ ಒಡೆಯಲಿಲ್ಲ. ಕೊರೆದ ಗೋಡೆಗಳೇ ಇಲ್ಲದ ಮೇಲೆ ಒಡೆಯುವುದಾದರೂ ಏನು? ಕೀಲಿಮಣೆಯ ಮುಂದೆ ಕೂತವಳು ಸೌಜನ್ಯ, ನಾನು ಹಿಂದೆ ನಿಂತಿದ್ದೆ. ಅದೂ ತಲೆ ಸುತ್ತಿದಾಗ ಕೂತೆ.

ಕೊನೆಯಲ್ಲೊಂದು ಕೆಲಸ ಬಾಕಿಯಿತ್ತು. ಪೋರ್ಟಲಿನ ಪ್ರತಿ ಪುಟದ ಅಡಿಯಲ್ಲೂ ಮೊದಲಿನಿಂದ ಒಂದು ಸಾಲಿದೆ: "ತೊಂದರೆಯಾದರೆ ಅನಸೂಯಾ ಮೇಡಂಗೆ ಫೋನ್ ಮಾಡಿ." ಮುಂದೆ ನನ್ನ ಮೊಬೈಲ್ ನಂಬರು. ಅದನ್ನು ತೆಗೆದು ಸಹಾಯದ ಪುಟದ ದಾರಿ ಹಾಕಬೇಕು.

"ತೆಗೀಲಾ ಮೇಡಂ?" ಎಂದಳು ಸೌಜನ್ಯ.

ಕಣ್ಣಲ್ಲಿ ನೀರು ತುಂಬಿತು. ನಾಚಿಕೆಗೇಡು, ಅಷ್ಟು ಕಿರಿಯವಳ ಮುಂದೆ. "ಬೇಡಾದ್ರೆ ಸೋಮವಾರ ಮಾಡುವ" ಎಂದಳು ಅವಳು. ಬೇಡ, ಈಗಲೇ ತೆಗಿ ಎಂದು ಕಿಟಕಿಯ ಕಡೆ ತಿರುಗಿದೆ. ಸಾನಪಾಡಾದ ಗುಲ್‌ಮೊಹರ್ ಮರಗಳು ಎಲೆಯೇ ಕಾಣದಂತೆ ಕೆಂಪಾಗಿದ್ದವು. ಅವು ಹೂ ಬಿಟ್ಟದ್ದು ನನಗೆ ಗೊತ್ತೇ ಇರಲಿಲ್ಲ.

೧೦ ಮೇ, ಶುಕ್ರವಾರ

ಭುಜಂಗ ಸರ್ ರಜೆ ಹಾಕಿ ಉಡುಪಿಗೆ ಹೋಗಿದ್ದಾರೆ, ತಮ್ಮನ ಹೊಸ ಮನೆಯ ಒಕ್ಕಲಿಗೆ. ಪಾಸ್‌ವರ್ಡ್ ಬದಲಿಸಿದ ದಿನದಿಂದ ಅವರಿಗೆ ಎಲ್ಲಿಲ್ಲದ ಧೈರ್ಯ. ಅಲ್ಲಿನ ಸೈಬರ್ ಕೆಫೆಯಲ್ಲಿ ಕೂತು, ಅಭ್ಯಾಸಕ್ಕೆಂದು ತಮಗೆ ಕೊಟ್ಟಿದ್ದ ಮೇಲ್ವಿಚಾರಕರ ಖಾತೆಯಿಂದ ಪೋರ್ಟಲ್ ತೆರೆದು, "ಸ್ವಲ್ಪ ಸರಿ ಮಾಡುವ ಅಂತ" ಯಾವುದೋ ಗುರುತು ಒತ್ತಿದರು. ಲೆಕ್ಕಪತ್ರದ ಪೇಪರು ಕಳಿಸುವ ದಾರಿ ಮಧ್ಯಾಹ್ನದವರೆಗೆ ಮುಚ್ಚಿಹೋಯಿತು. ಸೌಜನ್ಯ ಪುಟ ನೋಡಿಕೊಂಡು ಸರಿಮಾಡಿದಳು. ನಾನು ಆ ಹೊತ್ತಿಗೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಗೆ ಕೂತಿದ್ದೆ, ನನಗೆ ಗೊತ್ತಾದದ್ದೇ ಸಂಜೆ.

ಕೂಡಲೇ ಹೊಸ ನಿಯಮ ಬರೆದೆ. ರಜೆಯಲ್ಲಿರುವವರ ಖಾತೆಗೆ ಮೇಲ್ವಿಚಾರಕರ ಅಧಿಕಾರ ಇರಕೂಡದು, ರಜೆ ಮುಗಿದ ಮೇಲೆಯೇ ವಾಪಸು, ಯಾರಿಗೂ ವಿನಾಯಿತಿಯಿಲ್ಲ. ಅಂಥವರು ಒಳಗೆ ಹೋಗಲು ನೋಡಿದರೆ ಕಾಣಿಸಬೇಕಾದ ಸಾಲನ್ನೂ ನಾನೇ ಬರೆದೆ: "ನೀವು ರಜೆಯಲ್ಲಿದ್ದೀರಿ. ವಿಶ್ರಾಂತಿ ತೆಗೆದುಕೊಳ್ಳಿ." ಭುಜಂಗ ಸರ್ ಅದನ್ನು ಓದುವಾಗಿನ ಮುಖ ನೆನೆದು ಗಾಡಿಯಲ್ಲಿ ಒಬ್ಬಳೇ ನಕ್ಕೆ.

೧೫ ಮೇ, ಬುಧವಾರ

ಠಾಣೆ, ಆಸ್ಪತ್ರೆ. ನಾಳೆ ಬೆಳಿಗ್ಗೆ. ಹೆದರಿಕೆಯಾಗುತ್ತಿದೆ. ಇವರು ನನ್ನ ಬಳೆ ಬಿಚ್ಚಿ ಕರ್ಚೀಫಿನಲ್ಲಿ ಕಟ್ಟಿಟ್ಟುಕೊಂಡರು, ಒಂದೂ ತಮಾಷೆ ಮಾಡಲಿಲ್ಲ. ಅದರಿಂದ ಇನ್ನೂ ಹೆದರಿಕೆ.

೧೯ ಮೇ, ಭಾನುವಾರ

ಆಗಿದೆ. ಬದುಕಿದ್ದೇನೆ. ಮತ್ತೆ ಅದೇ ಓಣಿಯ ಕನಸು. ಈ ಸಲ ಬಾಗಿಲುಗಳೆಲ್ಲ ತೆರೆದಿದ್ದವು. ಕೀಲಿ ಎಲ್ಲೆಂದು ಹುಡುಕಲಿಲ್ಲ.

೨೭ ಮೇ, ಸೋಮವಾರ

ಮನೆಗೆ ಬಂದಿದ್ದೇನೆ. ನಾನು ಆಸ್ಪತ್ರೆಯಲ್ಲಿದ್ದಾಗ ಬಾಲ್ಕನಿಯ ಗಾಜು, ಗ್ರಿಲ್ಲು, ಅದರಲ್ಲಿ ತುಂಬಿದ್ದ ಡಬ್ಬಗಳು ಎಲ್ಲ ಹೋಗಿವೆ. ಇವರು ಅಲ್ಲೊಂದು ಮಂಚ ಹಾಕಿದ್ದಾರೆ. ಗಾಳಿ ಎಷ್ಟು ಬರುತ್ತದೆಂದರೆ ಈ ಪುಟ ನಿಲ್ಲುತ್ತಿಲ್ಲ, ಔಷಧಿಯ ಬಾಟಲಿಯಿಟ್ಟು ಬರೆಯುತ್ತಿದ್ದೇನೆ.

ಫೋನು ಬರುವುದೇ ಇಲ್ಲ. ಪೇಪರು ಕಳಿಸುವ ಕೊನೆಯ ವಾರ ಇದು! ಇವರು ಫೋನನ್ನು ಏನೋ ಮಾಡಿಟ್ಟಿದ್ದಾರೆಂದು ಅನುಮಾನವಾಗಿ ಇಂಚರಳ ಫೋನಿನಿಂದ ನನ್ನ ನಂಬರಿಗೆ ಮಾಡಿಸಿದೆ. ಚೆನ್ನಾಗಿಯೇ ರಿಂಗಾಯಿತು. "ಆಯಿ, ತೂ ಝೋಪ್ ನಾ" ಎಂದಳು ಮಗಳು. ಮಲಗಬೇಕಂತೆ. ಭುಜಂಗ ಸರ್‌ಗೆಂದು ಬರೆದ ನನ್ನ ಮಾತು ನನಗೇ ಮರಾಠಿಯಲ್ಲಿ ವಾಪಸು ಬಂತು.

೫ ಜೂನ್, ಬುಧವಾರ

ಅಂತೂ ಫೋನು ಬಂತು. ಉಮಾವತಿ! ಹೊಲಿಗೆ ಎಳೆದರೂ ಲೆಕ್ಕಿಸದೆ ಎದ್ದು ಕೂತೆ.

"ಹೇಳಿ ಉಮಾವತಿ, ಪೇಪರ್ ಹೋಗ್ತಿಲ್ವಾ?"

"ಪೇಪರಾ? ಅದು ಆವತ್ತೇ ಹೋಯ್ತು ಮೇಡಂ. ಈಗ ಒಂದೇ ಗುಂಡಿ ಅಲ್ವಾ, ಎಂತ ಕಷ್ಟ? ಪಾಸ್‌ವರ್ಡ್ ಮರ್ತಿದ್ದೆ, ಪುಟದಲ್ಲಿ ಇದ್ದ ಹಾಗೆ ಮಾಡಿದೆ, ಬಂತು. ನಿಮಗೆ ಆಪರೇಷನ್ ಆಯ್ತಂತೆ, ಸೌಜನ್ಯ ಮೇಡಂ ಹೇಳಿದ್ರು. ಹೇಗಿದ್ದೀರಿ? ಗಂಜಿ ಕೊಟ್ಟು ಕಳಿಸುದಾ?"

ಇಷ್ಟು ವರ್ಷದಲ್ಲಿ ಆಕೆ ನನ್ನನ್ನು ಹೇಗಿದ್ದೀರಿ ಎಂದು ಕೇಳಿರಲಿಲ್ಲ. ಕೇಳಲು ಪುರುಸೊತ್ತೆಲ್ಲಿತ್ತು, ಗುಂಡಿಯ ಬಣ್ಣ ಹೇಳುವುದರಲ್ಲೇ ಮಾತು ಮುಗಿಯುತ್ತಿತ್ತು. ಇವತ್ತು ಹೊಟ್ಟೆಯ ಕತೆ, ಅವಳ ಅತ್ತೆಗೂ ಇದೇ ಆಗಿದ್ದ ಕತೆ, ಹೋಟೆಲಿನ ಕತೆ, ಎಲ್ಲ ಆಯಿತು.

ಫೋನಿಟ್ಟ ಮೇಲೆ ಮನಸ್ಸು ತಡೆಯಲಿಲ್ಲ. ಒಂದು ಸಲ ಒಳಗೆ ಇಣುಕಿ ಬರೋಣವೆಂದು ಇಂಚರಳ ಲ್ಯಾಪ್‌ಟಾಪಿನಲ್ಲಿ ನನ್ನ ಹೆಸರು, ಪಾಸ್‌ವರ್ಡ್ ಹಾಕಿದೆ. "ನೀವು ರಜೆಯಲ್ಲಿದ್ದೀರಿ. ವಿಶ್ರಾಂತಿ ತೆಗೆದುಕೊಳ್ಳಿ."

ನನಗೇ! ನಾನು ಕಟ್ಟಿದ ಪೋರ್ಟಲಿನಲ್ಲಿ! ಸೌಜನ್ಯಳಿಗೆ ಫೋನು ಮಾಡಿ ಕೂಗಾಡಿದೆ. ಪಾಪದ ಹುಡುಗಿ ಪೂರ್ತಿ ಕೇಳಿಸಿಕೊಂಡು, "ರೂಲ್ ನಿಮ್ಮದೇ ಅಲ್ವಾ ಮೇಡಂ? ವಿನಾಯಿತಿ ಇಲ್ಲ ಅಂತ ನೀವೇ ಬರ್ದದ್ದು" ಎಂದಳು. ಆಮೇಲೆ, "ಜುಲೈದು ಕ್ಯಾನ್ಸಲ್ ಮೇಡಂ. ಕಂಪನಿ ಬೇಡ ಅಂದ್ರು ಡೈರೆಕ್ಟರ್. ನಿಮಗೆ ರಜೆ ಮುಗಿದ ಮೇಲೆ ಹೇಳುವ ಅಂತ ಇದ್ದೆ" ಎಂದಳು.

ಉಳಿಯಿತು. ಪೋರ್ಟಲ್ ಉಳಿಯಿತು. ಸಂತೋಷಕ್ಕೆ ಅಳು ಬಂತು. ಅದರ ಹಿಂದೆಯೇ ನನ್ನನ್ನು ಕೇಳದೆ ಉಳಿಯಿತಲ್ಲ ಎಂಬ ಸಂಕಟಕ್ಕೂ ಬಂತು. ಇವರು ಬಂದು ನೋಡಿ ಏನಾಯ್ತೇ ಎಂದರು. "ಬೆಳಗಾಯ್ತು" ಎಂದೆ. ಹೊರಗೆ ಸಂಜೆಯಾಗಿತ್ತು. ಮಾತ್ರೆಯ ಅಮಲೆಂದುಕೊಂಡರೋ ಏನೋ, ಹಣೆ ಮುಟ್ಟಿ ನೋಡಿದರು.

೭ ಜೂನ್, ಶುಕ್ರವಾರ

ಮೇಲ್ವಿಚಾರಕಳಾಗಿ ಹೋಗಲಾಗದಿದ್ದರೇನು, ವಿದ್ಯಾರ್ಥಿಯಾಗಿ ಹೋಗಬಹುದಲ್ಲ. ಹೊಸ ಖಾತೆ ಮಾಡಿಕೊಂಡೆ. ಸುಲಭವಾಗಿಯೇ ಆಯಿತು, ಬರೆದಿಟ್ಟವರು ಚೆನ್ನಾಗಿ ಬರೆದಿದ್ದಾರೆ. ಯಾವ ಕೋರ್ಸು? ಪರೀಕ್ಷೆಯಿಲ್ಲದ್ದು, ಮಲಗಿ ಓದುವಂಥದ್ದು ಒಂದೇ ಇತ್ತು.

"ಮೋಡಗಳ ಪರಿಚಯ," ಮೊದಲ ಪಾಠ: "ಆಕಾಶ ಕಾಣುವಲ್ಲಿ ಇರಿ. ಕಂಡದ್ದನ್ನು ನಿಮ್ಮ ಮಾತಿನಲ್ಲಿ ಬರೆದು ಕಳಿಸಿ. ಮೋಡದ ಹೆಸರು ಗೊತ್ತಿಲ್ಲದಿದ್ದರೆ ಒಳ್ಳೆಯದು."

ಬಾಲ್ಕನಿಯಿಂದ ಪಶ್ಚಿಮ ಪೂರ್ತಿ ಕಾಣುತ್ತದೆ. ಬರೆದೆ: "ಎಡ ಮೂಲೆಯಲ್ಲಿ ದೊಡ್ಡದು ಒಂದು, ಕಪ್ಪು, ನಿಧಾನವಾಗಿ ಉತ್ತರಕ್ಕೆ. ಬಲಗಡೆ ಚಿಕ್ಕವು ಐದು, ಚಲನೆಯಿಲ್ಲ. ನಡುವೆ ಖಾಲಿ. ಮಲಗಿ ನೋಡಿದ್ದರಿಂದ ಕೆಳಭಾಗ ಪರಿಶೀಲಿಸಲಾಗಲಿಲ್ಲ." ಒಂದೇ ಗುಂಡಿ. ಒತ್ತಿದೆ. ಹೋಯಿತು.

೯ ಜೂನ್, ಭಾನುವಾರ

ನಿನ್ನೆ ಮಧ್ಯಾಹ್ನ ಮಳೆ ಬಂತು. ಇವತ್ತು ಬೆಳಿಗ್ಗೆ ಉತ್ತರವೂ ಬಂದಿದೆ. ಸತ್ಯಭಾಮಾ ಮೇಡಂ ಹತ್ತಕ್ಕೆ ನಾಲ್ಕು ಅಂಕ ಕೊಟ್ಟಿದ್ದಾರೆ. ಅಂಕವೇ ಇಲ್ಲದ ಕೋರ್ಸಿನ ಮೊದಲ ವಿದ್ಯಾರ್ಥಿಗೇ ಅಂಕ ಕೊಟ್ಟು ನಪಾಸು. ಭುಜಂಗ ಸರ್ ಇದ್ದಿದ್ದರೆ ಪೆನ್ನು ತೆಗೆಯುತ್ತಿದ್ದರು. ಕೆಳಗೆ ಹೀಗೆ ಬರೆದಿದ್ದಾರೆ:

"ಇಷ್ಟು ವರ್ಷಕ್ಕ ಒಬ್ಬಾಕಿ ಬಂದಿ ನೋಡವಾ. ಮುಂಜಾನೆ ನಿನ್ನ ಹೆಸರು ನೋಡಿ ಎರಡು ಸಲ ಕನ್ನಡಕ ಒರಸಿದೆ. ಆದರ ಇದು ಮೋಡ ನೋಡಿದ್ದಲ್ಲ, ಡ್ಯೂಟಿ ಮಾಡಿದ್ದು. ಎಣಿಸಬ್ಯಾಡ. ಮಲಕೊಂಡು ನೋಡಿದವರಿಗೇ ಪೂರ್ತಿ ಕಾಣ್ತದ. ಇನ್ನೊಮ್ಮೆ ನೋಡಿ ಬರಿ. ಅವಸರಿಲ್ಲ, ನಾ ಇಲ್ಲೇ ಇರ್ತೀನಿ."

ಇಂಚರ ಚಹಾ ತಂದಿಟ್ಟಳು, ಅವಳೇ ಮಾಡಿದ್ದು. ನನ್ನ ಪಕ್ಕ ಜಾಗ ಮಾಡಿಕೊಂಡು ಮಲಗಿ, "ಏನಮ್ಮಾ ನೋಡ್ತಿದ್ದೀಯ?" ಎಂದಳು. ಮೋಡ ಎಂದೆ. ಒಳಗೆಲ್ಲೋ ಫೋನು ರಿಂಗಾಗಿ ನಿಂತಿತು. ಎಲ್ಲಿಟ್ಟಿದ್ದೇನೋ ನೆನಪಿಲ್ಲ.

ಒಂದು ದೊಡ್ಡದು ಕಲ್ಯಾಣದ ಕಡೆ ಹೊರಟಿದೆ. ಅದಕ್ಕೆ ಅಂಚೆಂಬುದೇ ಇಲ್ಲ, ಎಲ್ಲಿ ಮುಗಿಯಿತು ಅನ್ನುತ್ತೇನೋ ಅಲ್ಲಿಂದ ಮತ್ತೆ ಶುರುವಾಗುತ್ತದೆ. ಇನ್ನೂ ಬರೆದು ಕಳಿಸಿಲ್ಲ. ನೋಡುತ್ತಿದ್ದೇವೆ.